ಬಾಣಂತಿ ಕೋಣೆಯ ಕಿಟಕಿ

ಅಗ್ಗಿಷ್ಟಿಕೆಯ ಸಾಂಬ್ರಾಣಿ ಹೊಗೆ ನೆಟ್ಟಗೆ ಸೂರಿನತ್ತ ಏರುತ್ತಿದೆ, ಬಿಸಿಗಾಳಿ ಮೇಲಕ್ಕೆ ಹೋದಷ್ಟೂ ನೆಲದಡಿ ಗಾಳೀನ ಬಿರುಕಿಂದ ಎಳ್ಕೊಳ್ತದೆ ಆಂಟಿ, ಈಗತಾನೇ ಫೋನಿನಲ್ಲಿ ಹೇಳಿದ್ದು ಮಂಜುಶ್ರೀ, ಮಳೆಗಾಲದಲ್ಲಿ ವನಗೂರಿನ ಮನೆಮನೆಗೂ ಬಂದು ಗಾಳಿ ಅಳೆಯುವ ಪುಟ್ಟ ಡಬ್ಬಿ ತೂಗುಹಾಕಿ ಹೋದ ಮಗ್ಗೆ ಕಡೆಯ ಕಾಲೇಜು ಹುಡುಗಿ, ರೇಡಾನ್ ಅಂತಾರೆ, ಶ್ವಾಸಕೋಶ ಕೆಡಿಸೋ ಗಾಳಿ, ಬಣ್ಣ ಇಲ್ಲ, ವಾಸನೆ ಇಲ್ಲ, ಬಂಡೆಯೊಳಗೆ ಹುಟ್ಟಿ ಮಣ್ಣಿನ ಸಂದೀಲಿ ಸರ್ಕೊಂಡು ಮನೆಯೊಳಗೆ ಬರ್ತದೆ, ನಿಮ್ಮ ಹಿಂದಿನ ಕೋಣೇಲೇ ಜಾಸ್ತಿ ಐತೆ — ಹಿಂದಿನ ಕೋಣೆ ಎಂದರೆ ಇದೇ, ಗುಡ್ಡ ಕಡಿದು ಮಣ್ಣಿಗೆ ಬೆನ್ನು ತಾಗಿಸಿ ಕಟ್ಟಿದ್ದು, ಬೆಚ್ಚಗಿರುತ್ತದೆಂದು ಗಂಗಾಮಣಿಯೇ ಬಾಣಂತಿ ಮಗಳನ್ನೂ ಕೂಸನ್ನೂ ಇಲ್ಲಿ ಮಲಗಿಸಿದ್ದು, ಶೀತಗಾಳಿ ನುಗ್ಗೀತೆಂದು ಕಿಟಕಿಯ ಸಂದಿಗೆಲ್ಲ ಹಳೇ ಸೀರೆ ತುರುಕಿ ಮೇಲೆ ಕಾಫಿ ಚೀಲ ಇಟ್ಟು ಮೊಳೆ ಹೊಡೆದದ್ದು, ಒಂದು ಸಂದಿ ಬಿಟ್ಟಿದ್ದರೆ, ಒಂದೇ ಒಂದು — ಇಲ್ಲೇ ಅಲ್ಲವೇ ಗಂಡ ನಂಜುಂಡ ಕೆಮ್ಮಿ ಕೆಮ್ಮಿ ಸವೆದದ್ದು, ಶ್ವಾಸಕೋಶದ ಕ್ಯಾನ್ಸರ್, ದಿನಕ್ಕೆಷ್ಟು ಬೀಡಿ ಸೇದ್ತಿದ್ರು ನಿಮ್ಮ ಯಜಮಾನ್ರು ಎಂದು ಡಾಕ್ಟರು, ಬೀಡಿ ಮುಟ್ಟಿದೋರೇ ಅಲ್ಲ ಸ್ವಾಮಿ ಎಂದರೂ ನಂಬಲಿಲ್ಲ, ಕೊನೆಗೆ ಇವಳಿಗೂ ಅನುಮಾನ ಬಂದು ಸತ್ತ ಗಂಡನ ಅಂಗಿ ಜೇಬು ತಡಕಿದ್ದಳಲ್ಲ, ಎಂಥ ಪಾಪಿ — ಇದರಿಂದಲೇನಾ ಮಗಾ ಎಂದು ಕೇಳಿದರೆ, ಹಂಗೆ ಹೇಳಕ್ಕಾಗಲ್ಲ ಆಂಟಿ, ವರ್ಷಗಟ್ಟಲೆ ಉಸಿರಾಡಿದ್ರೆ ಅಪಾಯ, ನಾಕು ದಿನಕ್ಕೆಲ್ಲ ಹೆದ್ರಬೇಡಿ, ಕಿಟಕಿ ತೆಗೀರಿ, ಬಿರುಕು ಮುಚ್ಚಿಸಿ — ವರ್ಷಗಟ್ಟಲೆ, ಈ ಮಗಳು ಮಾನಸ ಹುಟ್ಟಿದ್ದು ಇಲ್ಲಿ, ಮದುವೆಯಾಗುವವರೆಗೆ ಮಲಗಿದ್ದೂ ಇಲ್ಲೇ, ಆ ವರ್ಷಗಳ ಕಿಟಕಿಯನ್ನು ಈಗ ಯಾರು ತೆಗೆಯುತ್ತಾರೆ.

ಚೀಲ ಕಿತ್ತಳು, ಸೀರೆ ಎಳೆದೆಳೆದು ಬಿಸಾಡಿದಳು, ಕದ ತಳ್ಳಿದ್ದೇ ಬೆಟ್ಟದ ಗಾಳಿ ಮುಖಕ್ಕೆ ಬಡಿದು ಕೂಸು ಮುಲುಗಿತು, ಏನಮ್ಮ ಮಾಡ್ತಿದ್ದೀಯ, ಮುಚ್ಚು, ಮಗೂಗೆ ಥಂಡಿ ಆಗ್ಬುಡ್ತದೆ, ಕಿಟಕಿ ಹತ್ರ ಸುಳೀಬೇಡ ಅಂತ ಬೈದೋಳು ನೀನೇ ಕಣಮ್ಮ, ಮಾನಸ ಕಂಬಳಿ ಎಳೆದುಕೊಳ್ಳುತ್ತಾಳೆ, ಕೆಮ್ಮುತ್ತಾಳೆ, ಒಂದೇ ಸಲ, ಸಾಂಬ್ರಾಣಿ ಹೊಗೆಗಿರಬೇಕು, ಹೊಗೆಗೇ ಇರಬೇಕು, ದೇವರೇ, ಹೊಗೆಗೇ ಆಗಿರಲಿ, ಹೇಳಲೋ ಬೇಡವೋ, ಹಾಲುಣಿಸುವವಳ ಮುಂದೆ ಹೇಗೆ ಹೇಳಲಿ, ಅಪ್ಪನನ್ನು ತಿಂದ ಕೋಣೆಯಲ್ಲಿ ನಿನ್ನನ್ನು ಬೆಳೆಸಿದೆ ಎಂದು ಯಾವ ಬಾಯಲ್ಲಿ ಹೇಳಲಿ, ಕದದ ಮೇಲಿನ ಕೈ ಮುಂದಕ್ಕೂ ಹೋಗದು ಹಿಂದಕ್ಕೂ ಬರದು, ಇನ್ನೊಮ್ಮೆ ಕೆಮ್ಮುತ್ತಾಳೇನೋ, ಇಲ್ಲ, ಮಗಳ ಎದೆ ಏರುತ್ತಿದೆ, ಇಳಿಯುತ್ತಿದೆ, ಏರುತ್ತಿದೆ —