ಕನ್ನಡಿ ಮುಂದಿನ ನಾಲ್ಕು ಮಾತು

ಜರಾಯಾ ಹುಟ್ಟಿದ ದಿನ ಆಸ್ಪತ್ರೆಗೆ ಬಂದ ಅವಳ ಅಜ್ಜಿ ಅರ್ಲೀನ್ ಕೂಸಿನ ಮುಖ ನೋಡಲಿಲ್ಲ, ಕಿವಿ ನೋಡಿದಳು. ಮೆಂಫಿಸ್ಸಿನ ಅವರ ಕೇರಿಯ ಮುದುಕಿಯರೆಲ್ಲ ಹಾಗೆಯೇ. ಕರಿಯರ ಮಕ್ಕಳು ಹುಟ್ಟುವಾಗ ತಿಳಿಬಣ್ಣದಲ್ಲೇ ಇರುತ್ತವೆ; ಮುಂದೆ ಎಷ್ಟು ಕಪ್ಪಾಗುತ್ತವೆ ಎನ್ನುವುದನ್ನು ಕಿವಿಯ ಅಂಚು ಮೊದಲೇ ಹೇಳಿಬಿಡುತ್ತದಂತೆ. ಅರ್ಲೀನ್ ಆ ಎಳೆಕಿವಿಯನ್ನು ಮಡಚಿ ಬೆಳಕಿಗೆ ಹಿಡಿದಳು. "ಹೂಂ. ಇರ್ಲಿ ಬಿಡು, ಕೈಕಾಲಾದ್ರೂ ನೆಟ್ಟಗಿದೆ" ಎಂದಳು.

ಹಾಸಿಗೆಯಲ್ಲಿದ್ದ ಅವಳ ಮಗಳು ತಮೇಕಾಳ ಮೈಯೆಲ್ಲ ಉರಿದುಹೋಯಿತು. ಅವಳನ್ನು ಹದಿನೆಂಟು ವರ್ಷ "ಮಸಿ" ಎಂದೇ ಕರೆದು ಬೆಳೆಸಿದವಳು ಇದೇ ತಾಯಿ. ಬೇಸಿಗೆಯಲ್ಲಿ ಉಳಿದ ಮಕ್ಕಳೆಲ್ಲ ಬೀದಿಯಲ್ಲಿ ಕುಣಿಯುವಾಗ, "ಇರೋದೇ ಸಾಕು, ಇನ್ನೂ ಸುಟ್ಕೊಂಡು ಬರ್ಬೇಡ" ಎಂದು ಒಳಗೆ ಕೂಡಿಹಾಕಿದವಳು. ತಮೇಕಾ ಅಂದೇ ಬಾಗಿಲು ತೋರಿಸಿದಳು. ಆಮೇಲೆ ಆರು ತಿಂಗಳು ತಾಯಿ ಮಗಳಿಗೆ ಮಾತಿರಲಿಲ್ಲ.

ಜರಾಯಾಗೆ ಮಾತು ಬಂದದ್ದೇ ತಡ, ತಮೇಕಾ ಶುರುಹಚ್ಚಿಕೊಂಡಳು. ದಿನಾ ಬೆಳಿಗ್ಗೆ ಬಚ್ಚಲುಮನೆಯ ಕನ್ನಡಿಯ ಮುಂದೆ ಸ್ಟೂಲು, ಅದರ ಮೇಲೆ ಮಗಳು, ಹಿಂದೆ ಬಾಚಣಿಗೆ ಹಿಡಿದ ತಾಯಿ. ಜಡೆ ಹೆಣೆದು ಮಣಿ ಪೋಣಿಸಿ ಮುಗಿಸುವುದರೊಳಗೆ ನಾಲ್ಕು ಮಾತು ಹೇಳಬೇಕು. ನನ್ನ ಬಣ್ಣ ಚಂದ. ನನ್ನ ಕೂದಲು ಚಂದ. ನಾನು ಜಾಣೆ. ನಾನು ಯಾರಿಗೂ ಕಡಿಮೆಯಿಲ್ಲ. ಜ್ವರ ಬಂದರೂ ತಪ್ಪಿಸುವಂತಿಲ್ಲ. ತಾಯಿ ತನ್ನೊಳಗೆ ತುಂಬಿದ ವಿಷ ಮಗಳಿಗೆ ಇಳಿಯಬಾರದು, ಅದೊಂದೇ ಅವಳ ಹಟ. ಬದುಕಿನಲ್ಲಿ ಬೇರೇನೂ ಸಾಧಿಸದಿದ್ದರೂ ಅವಳಿಗೆ ಚಿಂತೆಯಿರಲಿಲ್ಲ.

ಹಟ ಗೆದ್ದಿತು ಎಂದೇ ಎಲ್ಲರೂ ಅಂದುಕೊಂಡಿದ್ದರು. ಶಿಶುವಿಹಾರದಲ್ಲಿ ಆಟದ ನಡುವೆ ಒಬ್ಬಳು, "ನೀನು ರಾಣಿ ಆಗೋ ಹಾಗಿಲ್ಲ, ತುಂಬಾ ಕಪ್ಪು" ಎಂದಳಂತೆ. ಅಂದವಳೇನು ಬಿಳಿಯಳಲ್ಲ, ಇವಳಿಗಿಂತ ಚೂರು ತಿಳಿ, ಅಷ್ಟೇ. ಜರಾಯಾ ಸೊಂಟದ ಮೇಲೆ ಕೈಯಿಟ್ಟು ನಾಲ್ಕೂ ಮಾತು ಒಪ್ಪಿಸಿ ಬಂದಿದ್ದಳು. ಅದನ್ನು ತಮೇಕಾ ಚರ್ಚಿನಲ್ಲಿ ಎದ್ದುನಿಂತು ಹೇಳಿದಾಗ ಹೆಂಗಸರು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಅಂದಿನಿಂದ ಭಾನುವಾರದ ಮಕ್ಕಳ ತರಗತಿ ಅವಳದೇ ಆಯಿತು. ನಲವತ್ತು ಮಕ್ಕಳು ಅವಳ ನಾಲ್ಕು ಮಾತನ್ನು ಕಿರುಚಿ ಹೇಳುತ್ತಿದ್ದವು.

ಜರಾಯಾಗೆ ಐದು ತುಂಬಿದಾಗ ತಂಗಿ ಹುಟ್ಟಿದಳು, ಹೇವನ್. ಬಾಣಂತನಕ್ಕೆ ಬೇರೆ ಗತಿಯಿಲ್ಲದೆ ಅರ್ಲೀನಳನ್ನೇ ಕರೆಸಬೇಕಾಯಿತು.

"ಅಮ್ಮಾ, ಕಿವಿ ಮುಟ್ಟಿದ್ರೆ ಸರಿಯಿರಲ್ಲ" ಎಂದು ತಮೇಕಾ ಬಾಗಿಲಲ್ಲೇ ಹೇಳಿದಳು.

ಅರ್ಲೀನ್ ಎರಡೂ ಕೈ ಮೇಲೆತ್ತಿದಳು. "ನಾನ್ಯಾಕಮ್ಮ ಮುಟ್ಲಿ? ನಿನ್ನ ಕೂಸು, ನೀನೇ ನೋಡ್ಕೊ."

ಶನಿವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಅರ್ಲೀನ್ ಸೊಪ್ಪು ಬೇಯಿಸುತ್ತಿದ್ದಳು. ಜರಾಯಾ ಡೈಪರ್ ತರಲು ಹೋಗಿದ್ದಳು. ಕೋಣೆಯ ಕಿಟಕಿಯ ಬಳಿ ಕೂತು ಹಾಲು ಕುಡಿಸುತ್ತಿದ್ದ ತಮೇಕಾ, ಕೂಸಿನ ಕಿವಿಗೆ ಇಳಿದ ಹಾಲನ್ನು ಬಟ್ಟೆಯಿಂದ ಒರೆಸಿದಳು. ಒರೆಸಿಯಾದರೂ ಬೆರಳು ಹಿಂದಕ್ಕೆ ಬರಲಿಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ ಐದು ದಿನ ತಡೆದಿದ್ದಳು. ಈಗ ಸುತ್ತ ಒಮ್ಮೆ ನೋಡಿ ಕಿವಿಯನ್ನು ಮಡಚಿಯೇಬಿಟ್ಟಳು. ಅಂಚು ಕೆನ್ನೆಯ ಹಾಗೇ ಎಳೆ ಗೋಧಿ ಬಣ್ಣ.

"ಅಬ್ಬಾ, ದೇವರು ದೊಡ್ಡವನು!"

ಬಾಯಿಂದ ಬಿದ್ದ ಮೇಲೆಯೇ ಅವಳಿಗೆ ತಾನೇನಂದೆ ಎಂದು ತಿಳಿದದ್ದು. ತಿರುಗಿದರೆ ಬಾಗಿಲಲ್ಲಿ ಡೈಪರ್ ಹಿಡಿದು ಜರಾಯಾ ನಿಂತಿದ್ದಳು.

"ಕಿವೀಲಿ ಏನಿತ್ತಮ್ಮ?"

"ಏನಿಲ್ಲ ಪುಟ್ಟಿ, ಹಾಲು ಹೋಗಿತ್ತು."

ಹುಡುಗಿ ಡೈಪರ್ ಕೊಟ್ಟು ಸೀದಾ ಅಡುಗೆಮನೆಗೆ ಹೋದಳು. ತೆಳು ಗೋಡೆಯ ಮನೆ, ಆಡಿದ್ದೆಲ್ಲ ಕೇಳುತ್ತಿತ್ತು.

"ಅಜ್ಜಿ, ಕಿವಿ ಮಡಚಿ ಏನು ನೋಡ್ತಾರೆ?"

ಸೌಟಿನ ಸದ್ದು ನಿಂತಿತು. "ಯಾರೇ ನೋಡಿದ್ದು? ನಿಮ್ಮಮ್ಮನಾ?" ಅರ್ಲೀನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಷ್ಟು ಕಪ್ಪಾಗತ್ತೆ ಅಂತ ನೋಡ್ತಾರೆ ಕಣೇ."

"ನಂದೂ ನೋಡಿದ್ರಾ?"

"ನೋಡದೇ ಇರ್ತೀವಾ? ಅದಕ್ಕೇ ತಾನೇ ನಿಂಗೆ ದಿನಾ ಬೆಳಿಗ್ಗೆ ಆ ಮಂತ್ರ!"

ಎದ್ದು ಹೋಗಿ ಆ ಮುದುಕಿಯ ಬಾಯಿ ಮುಚ್ಚಿಸಬೇಕಿತ್ತು. ಐದು ವರ್ಷದ ಹಿಂದಿನ ತಮೇಕಾ ಆಗಿದ್ದರೆ ಮುಚ್ಚಿಸುತ್ತಿದ್ದಳು. ಈಗ ಯಾವ ಮುಖವಿಟ್ಟುಕೊಂಡು ಏಳುವುದು? ಕೂಸನ್ನು ಎದೆಗೊತ್ತಿಕೊಂಡು ಕೂತೇ ಇದ್ದಳು.

ಭಾನುವಾರ ಬೆಳಿಗ್ಗೆ ಕನ್ನಡಿಯ ಮುಂದೆ ಜರಾಯಾ ತಾನಾಗಿಯೇ ಸ್ಟೂಲು ಹತ್ತಿ ನಿಂತಳು. ಹೇವನ್ ಬಾಗಿಲ ಬಳಿ ತೊಟ್ಟಿಲಲ್ಲಿದ್ದಳು. ರಾತ್ರಿಯಿಡೀ ಯೋಚಿಸಿಟ್ಟುಕೊಂಡದ್ದನ್ನು ತಮೇಕಾ ನಗುನಗುತ್ತ ಹೇಳಿದಳು:

"ಇವತ್ತಿಂದ ತಂಗಿ ಪರವಾಗೂ ನೀನೇ ಹೇಳ್ಬೇಕು, ಆಯ್ತಾ?"

"ಅವಳಿಗ್ಯಾಕಮ್ಮ? ಅವಳ ಕಿವಿ ಚೆನ್ನಾಗಿದೆಯಲ್ಲ."

"ಹಾಗಲ್ಲ ಪುಟ್ಟಿ, ಇದು ಎಲ್ಲಾ ಮಕ್ಕಳಿಗೂ."

ಜರಾಯಾ ವಾದ ಮಾಡಲಿಲ್ಲ. ಕೆಮ್ಮಿನ ಔಷಧಿ ಕುಡಿಯುವಾಗ ಮಾಡುವಂತೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ನಾಲ್ಕೂ ಮಾತನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಒಂದಕ್ಷರ ತಪ್ಪಲಿಲ್ಲ. ಆಮೇಲೆ ಕಣ್ಣು ಬಿಟ್ಟು, ಕನ್ನಡಿಗೆ ಮೂಗು ತಾಗುವಷ್ಟು ಬಗ್ಗಿ, ತನ್ನ ಕಿವಿಯನ್ನು ಮಡಚಿ ನೋಡಿಕೊಂಡಳು.

"ಅಮ್ಮಾ, ಇನ್ನೆಷ್ಟು ದಿನ ಹೇಳಿದ್ರೆ ವಾಸಿಯಾಗತ್ತೆ?"

ಚರ್ಚಿಗೆಂದು ಹೊಸ ಟೋಪಿಯಿಟ್ಟುಕೊಂಡು ಹೊರಟಿದ್ದ ಅರ್ಲೀನ್ ಬಾಗಿಲಲ್ಲಿ ನಿಂತಳು.

"ನಿಮ್ಮಮ್ಮ ನಿಂಗೆ ಮಾತು ಬಂದಾಗಿಂದ ಹೇಳಿಸ್ತಾ ಇದಾಳೆ. ಅವಳಿಗೇ ಇನ್ನೂ ವಾಸಿಯಾಗಿಲ್ಲ, ನಿಂಗೆಲ್ಲಿ ಆಗತ್ತೆ?" ಎಂದು ಹೇಳಿ, ಕನ್ನಡಿಯಲ್ಲಿ ತನ್ನ ಟೋಪಿ ಸರಿಮಾಡಿಕೊಂಡು ಹೋದಳು.

"ಹೌದಾಮ್ಮ?" ಎಂದು ಜರಾಯಾ ಕನ್ನಡಿಯೊಳಗಿಂದ ತಾಯಿಯನ್ನೇ ನೋಡಿದಳು.

ಸುಳ್ಳು ಹೇಳಬಹುದಿತ್ತು. ಚರ್ಚಿನಲ್ಲಿ ನಲವತ್ತು ಮಕ್ಕಳು ಅವಳಿಗಾಗಿ ಕಾಯುತ್ತಿದ್ದವು. ತಮೇಕಾ ಕೊನೆಯ ಮಣಿಯನ್ನು ಜಡೆಯ ತುದಿಗೆ ಪೋಣಿಸಿದಳು.

"ತಲೆ ಅಲ್ಲಾಡಿಸ್ಬೇಡ, ಹೊತ್ತಾಯ್ತು" ಎಂದಳು.