ಕೆಂಪು ತಂಡ ಬಿಟ್ಟ ಶಶಿ

ಶಶಿಕುಮಾರ್ ಕೆಂಪು ತಂಡ ಬಿಟ್ಟು ನೀಲಿ ತಂಡ ಸೇರುತ್ತಾನಂತೆ ಎಂಬ ಸುದ್ದಿ ಕಲಾಸಿಪಾಳ್ಯದ ಬಿಡಿಭಾಗದ ಅಂಗಡಿಗಳಲ್ಲೆಲ್ಲ ಓಡಾಡಿ ಹಳತಾಗಿತ್ತು. ಆದರೂ ತನ್ನ ಬೈಕಿನ ಮೆಕ್ಯಾನಿಕ್ ಅಪ್ಪಯ್ಯನವರ ಎದುರು ಕೂತು ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಅವನಿಗೆ ಇನ್ನೂ ಬಂದಿರಲಿಲ್ಲ.

ಎರಡೂ ದೊಡ್ಡ ಮೋಟಾರ್‌ಸೈಕಲ್ ಕಂಪನಿಗಳ ರೇಸ್ ತಂಡಗಳು. ಜನ ಕಂಪನಿಯ ಹೆಸರು ಹೇಳುವ ಬದಲು ಸವಾರರ ಜಾಕೆಟ್ಟಿನ ಬಣ್ಣ ಹೇಳುತ್ತಿದ್ದರು. ಶಶಿ ಮೀಸೆ ಸರಿಯಾಗಿ ಮೂಡುವ ಮೊದಲೇ ಕೆಂಪು ಜಾಕೆಟ್ ತೊಟ್ಟವನು. ಅವನ ಬೈಕಿನ ಎಂಜಿನ್ ಬಿಚ್ಚಿ, ಜೋಡಿಸಿ, ಹದ ಮಾಡುತ್ತಿದ್ದವರು ಅಪ್ಪಯ್ಯ. ಇಬ್ಬರೂ ಚಾಮರಾಜಪೇಟೆಯವರೇ. ಶಶಿಯದು ಮಹಡಿ ಮೇಲಿನ ಒಂಟಿ ಕೋಣೆ, ಅಪ್ಪಯ್ಯನದು ಎರಡು ರಸ್ತೆ ಆಚೆ ಹೆಂಡತಿ, ಮಗಳೊಂದಿಗಿನ ಸಂಸಾರ. ಟ್ರ್ಯಾಕಿನಿಂದ ಒಳಗೆ ಬಂದು ಹೆಲ್ಮೆಟ್ ತೆಗೆದ ಶಶಿ, "ಅಣ್ಣಾ, ಮೇಲಿನ ಗೇರಲ್ಲಿ ಉಸಿರು ಕಟ್ತಿದೆ" ಅಂದರೆ ಸಾಕು, ಅಪ್ಪಯ್ಯನ ಕೈ ತಾನಾಗಿ ಕಾರ್ಬ್ಯುರೇಟರಿಗೆ ಹೋಗುತ್ತಿತ್ತು. ಮತ್ತೊಂದು ಮಾತು ಬೇಕಾಗುತ್ತಿರಲಿಲ್ಲ.

೧೯೯೭ರ ಕೊನೆಗೆ ತಂಡದ ಮ್ಯಾನೇಜರು ಶಶಿಯನ್ನು ಕರೆಸಿಕೊಂಡರು. ಮುಂದಿನ ವರ್ಷದ ಹೊಸ ಬೈಕು ಮಲ್ಲೇಶ್ವರದ ಆಕರ್ಷನಿಗೆ. ಶಶಿ ಹಳೆಯ ಬೈಕು ಓಡಿಸಬೇಕು, ಆಕರ್ಷನ ಹಿಂದೆ ಇದ್ದು ಬೇರೆಯವರನ್ನು ತಡೆಯಬೇಕು. ಆಕರ್ಷ ಇನ್ನೂ ಕಾಲೇಜು ಮುಗಿಸದ ಹುಡುಗ, ಆದರೆ ಗಾಳಿಯಂತೆ ಓಡಿಸುತ್ತಿದ್ದ. ಅದು ಶಶಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಹೆಚ್ಚು ಉರಿಯಿತು. ಅದೇ ವಾರ ನೀಲಿ ತಂಡದವರು ಪುಣೆಯಿಂದ ಫೋನ್ ಮಾಡಿ, ನಮ್ಮಲ್ಲಿ ನೀವೇ ಮೊದಲನೆಯವರು ಎಂದಾಗ ಶಶಿ ಎರಡು ಸಲ ಯೋಚಿಸಲಿಲ್ಲ.

ಕೊನೆಗೊಂದು ಸಂಜೆ ಗಾಂಧಿ ಬಜಾರಿನ ಹೋಟೆಲಿನಲ್ಲಿ ಬೈಟು ಕಾಫಿ ಹಿಡಿದು ನಿಂತಾಗ ಹೇಳಿಯೇಬಿಟ್ಟ. ಬೈಗುಳಕ್ಕೂ ಸಿದ್ಧನಾಗಿದ್ದ, ಬೇಡ ಹೋಗಬೇಡ ಎಂಬ ಮಾತಿಗೂ ಸಿದ್ಧನಾಗಿದ್ದ. ಅಪ್ಪಯ್ಯ ಕಾಫಿ ಆರಿಸಿಕೊಂಡು ಕುಡಿದು ಮುಗಿಸಿದರು.

"ಹೋಗು. ಹಳೇ ಗಾಡೀಲಿ ಯಾಕೆ ಹಿಂದೆ ಬೀಳ್ತೀಯ? ಆದ್ರೆ ಒಂದು ಮಾತು ಶಶಿ. ಇನ್ಮೇಲೆ ಎಂಜಿನ್ ವಿಷ್ಯ ನೀನು ನನ್ನ ಕೇಳ್ಬೇಡ, ನಾನು ನಿನ್ನ ಕೇಳಲ್ಲ. ತಿಂದ ಮನೆಗೆ ದ್ರೋಹ ಮಾಡೋಕೆ ನನ್ ಕೈಲಿ ಆಗಲ್ಲ."

"ಗೊತ್ತಣ್ಣ," ಎಂದ ಶಶಿ. ಅಷ್ಟು ಸಲೀಸಾಗಿ ಮುಗಿದುಹೋದದ್ದಕ್ಕೆ ಅವನಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ.

ಮೊದಲ ರೇಸು ಚೆನ್ನೈ ಹೊರಗಿನ ಟ್ರ್ಯಾಕಿನಲ್ಲಿ. ನೀಲಿ ತಂಡದ ಹುಡುಗರು ಒಳ್ಳೆಯವರು. ಅವನನ್ನು 'ಸರ್' ಎಂದು ಕರೆದರು, ಕುರ್ಚಿ ಹಾಕಿಕೊಟ್ಟರು, ತಮ್ಮತಮ್ಮಲ್ಲಿ ಮರಾಠಿ ಮಾತಾಡಿಕೊಂಡು ನಕ್ಕರು. ಮೇಲಿನ ಗೇರಿನಲ್ಲಿ ಉಸಿರು ಕಟ್ಟುತ್ತದೆ ಎಂದು ಶಶಿ ತನ್ನ ಹರಕು ಹಿಂದಿಯಲ್ಲಿ ಹೇಳಿದಾಗ ಮುಖ್ಯ ಮೆಕ್ಯಾನಿಕ್ ತಲೆಯಾಡಿಸಿ, ಎಷ್ಟು ಆರ್‌ಪಿಎಂನಲ್ಲಿ ಎಂದು ಕೇಳಿದ. ಶಶಿ ಎಂದೂ ಎಂಜಿನ್ ಸುತ್ತು ತೋರಿಸುವ ಮೀಟರಿನ ಮುಳ್ಳು ನೋಡಿದವನಲ್ಲ. ನೋಡಿ ಹೇಳುತ್ತೇನೆ ಎಂದು ಮತ್ತೆ ಟ್ರ್ಯಾಕಿಗೆ ಇಳಿದ.

ಆ ಸುತ್ತು ಮುಗಿಸಿ ಒಳಗೆ ಬರುವಾಗ ತಲೆಯ ತುಂಬ ಅದೇ ಮುಳ್ಳು. ಕೈಕಾಲು ಮಾತ್ರ ತಮ್ಮ ಹಳೆಯ ಅಭ್ಯಾಸದ ದಾರಿ ಹಿಡಿದವು. ಬ್ರೇಕ್ ಒತ್ತಿ, ಎಂಜಿನ್ ಆರಿಸಿ, ಹೆಲ್ಮೆಟ್ ಗಾಜು ಎತ್ತಿದಾಗಲೇ ಅವನಿಗೆ ಗೊತ್ತಾದದ್ದು, ತಾನು ನಿಂತದ್ದು ಕೆಂಪು ತಂಡದವರು ಬೈಕು ಸರಿಪಡಿಸುವ ಪಿಟ್ಟಿನಲ್ಲಿ ಎಂದು.

ಆಕರ್ಷನ ಹೊಸ ಬೈಕು ಸ್ಟ್ಯಾಂಡಿನ ಮೇಲಿತ್ತು, ಎಂಜಿನ್ನು ಅರ್ಧ ಬಿಚ್ಚಿಟ್ಟಿತ್ತು. ಅಪ್ಪಯ್ಯ ಹೆಗಲ ಮೇಲಿನ ಬಟ್ಟೆ ತೆಗೆದು ಅದರ ಮೇಲೆ ಹೊದಿಸಿದರು. ಅವಸರವೇನೂ ಇರಲಿಲ್ಲ, ಮಲಗಿದ ಮಗುವಿಗೆ ಹೊದಿಸುವಷ್ಟು ನಿಧಾನವಾಗಿಯೇ ಹೊದಿಸಿದರು. ಪಕ್ಕದಲ್ಲಿ ಮ್ಯಾನೇಜರು ನಿಂತಿದ್ದರು.

"ಶಶಿಕುಮಾರ್, ನಿಮ್ಮ ಪಿಟ್ ಆ ಕಡೆ ಇದೆ," ಎಂದರು ಅಪ್ಪಯ್ಯ.

ಮ್ಯಾನೇಜರ ಎದುರು ಇನ್ನೇನು ಹೇಳಲಾದೀತು ಎಂದು ಶಶಿಗೆ ಅರ್ಥವಾಗದೆ ಇರಲಿಲ್ಲ. ಎಂಜಿನ್ ಮುಚ್ಚಿದ್ದನ್ನು ಅವನು ನುಂಗಿಕೊಳ್ಳಬಲ್ಲವನಾಗಿದ್ದ. ಆ 'ನಿಮ್ಮ' ಎಂಬುದನ್ನು ಮಾತ್ರ ಆಗಲಿಲ್ಲ. ಸ್ಟಾರ್ಟ್ ಮಾಡಲು ಮನಸ್ಸಾಗದೆ ಬೈಕನ್ನು ತಳ್ಳಿಕೊಂಡೇ ನೀಲಿ ಪಿಟ್ಟಿಗೆ ಹೋದ.

ಭಾನುವಾರದ ರೇಸು ಶಶಿ ಗೆದ್ದ. ಕೊನೆಯ ತಿರುವಿನಲ್ಲಿ ಆಕರ್ಷ ಒಳಗಿನಿಂದ ನುಗ್ಗಲು ನೋಡಿದ. ಅಲ್ಲಿ ನುಗ್ಗುವ ಮನಸ್ಸಾಗುತ್ತದೆ, ಆದರೆ ಜಾಗ ಇರುವುದಿಲ್ಲ ಎಂದು ತಿಳಿಯಲು ವರ್ಷಗಳೇ ಬೇಕು. ಹುಡುಗ ತಿರುವಿನ ಹೊರ ಅಂಚಿಗೆ ಜಾರಿದ, ಶಶಿ ಮುಂದೆಯೇ ಉಳಿದ. ವೇದಿಕೆ ಮೇಲೆ ನಿಂತು ಕಪ್ ಎತ್ತಿ ಹಿಡಿದಾಗ ಅವನ ಕಣ್ಣು ಕೆಂಪು ತಂಡದ ಪಿಟ್ಟಿನತ್ತ ಹೋಯಿತು. ಅಪ್ಪಯ್ಯ ಆಕರ್ಷನ ಭುಜ ಹಿಡಿದು, ಕೈಯಿಂದ ಗಾಳಿಯಲ್ಲಿ ತಿರುವು ಬರೆದು ಏನೋ ಹೇಳುತ್ತಿದ್ದರು. ಹುಡುಗ ತಲೆ ತಗ್ಗಿಸಿ ಕೇಳುತ್ತಿದ್ದ. ನೀಲಿ ತಂಡದವರು ಕೈಕುಲುಕಿ, ಫೋಟೋ ತೆಗೆಸಿಕೊಂಡು, ಪುಣೆಗೆ ಹೊರಟರು.

ಸೋಮವಾರ ಬೆಳಿಗ್ಗೆ ಕಲಾಸಿಪಾಳ್ಯದಲ್ಲಿ ಬಸ್ ಇಳಿದು ಆಟೋ ಹತ್ತಿದರೆ, ಚೀಲದಿಂದ ಇಣುಕುತ್ತಿದ್ದ ಕಪ್ ನೋಡಿ ಡ್ರೈವರು, "ಏನ್ ಸಾರ್, ಸ್ಕೂಲ್ ಡೇಗಾ?" ಎಂದು ಕೇಳಿದ. "ಹೂಂ," ಎಂದ ಶಶಿ. ತನ್ನ ಕೋಣೆಗೆ ಹೋಗದೆ ಅಪ್ಪಯ್ಯನ ಮನೆ ಮುಂದೆ ಇಳಿದುಕೊಂಡ.

ಬಾಗಿಲು ತೆಗೆದದ್ದು ಅಪ್ಪಯ್ಯನ ಹೆಂಡತಿ ಕಾವೇರಮ್ಮ. ಅಪ್ಪಯ್ಯನನ್ನು ಕರೆತರುವ ತಂಡದ ವ್ಯಾನು ಇನ್ನೂ ಬಂದಿರಲಿಲ್ಲ. ತಟ್ಟೆಗೆ ಉಪ್ಪಿಟ್ಟು ಹಾಕಿಕೊಟ್ಟು ಆಕೆ ಎದುರು ಕೂತರು.

"ನಿನ್ನೆ ಮದ್ರಾಸಿಂದ ಫೋನ್ ಮಾಡಿದ್ರಪ್ಪ. 'ಕಾವೇರಿ, ನಮ್ ಶಶಿ ಗೆದ್ದ ಕಣೇ' ಅಂದ್ರು. ಆಮೇಲೆ 'ನಾವು ಸೋತ್ವಿ' ಅಂದು ಇಟ್ಟುಬಿಟ್ರು."

ಶಶಿ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟ.

ಅಪ್ಪಯ್ಯ ಬಂದಾಗ ಕಣ್ಣು ಕೆಂಪಾಗಿತ್ತು, ಬಟ್ಟೆಯೆಲ್ಲ ಪೆಟ್ರೋಲು ವಾಸನೆ. "ಯಾವಾಗ ಬಂದೆ?" ಎಂದರು, ಮಾಮೂಲಿನಂತೆ. ಕೈಕಾಲು ತೊಳೆದು ಬರುವವರೆಗೂ ಶಶಿಗೆ ಕಾಯಲಾಗಲಿಲ್ಲ.

"ಅಣ್ಣಾ, ನೀವೂ ಬಂದ್ಬಿಡಿ. ನಾನು ಕೇಳಿದೀನಿ, ಅವ್ರು ಒಪ್ಪಿದಾರೆ. ಪುಣೆಗೆ ಹೋಗೋದೇನ್ ಬೇಡ, ಇಲ್ಲೇ ವರ್ಕ್‌ಶಾಪ್ ಹಾಕಿಕೊಡ್ತಾರೆ."

ಅಪ್ಪಯ್ಯ ಟವೆಲಿನಲ್ಲಿ ಮುಖ ಒರೆಸಿಕೊಂಡು ಗೋಡೆಗೊರಗಿ ಕೂತರು.

"ಆ ಹುಡುಗನ್ನ ಯಾರು ನೋಡ್ಕೊಳ್ತಾರೆ? ಕೊನೇ ತಿರುವಲ್ಲಿ ನೋಡ್ದೆ ತಾನೆ? ಹೇಳೋರಿಲ್ದೆ ಇದ್ರೆ ಒಂದಿನ ಗೋಡೆಗೆ ಹೊಡ್ಕೋತಾನೆ."

"ಮತ್ತೆ ನನ್ನ?" ಮಾತು ಬಾಯಿ ಜಾರಿತ್ತು. ಮೂವತ್ತರ ಹತ್ತಿರದ ಗಂಡಸು ಕೇಳುವ ಮಾತೇ ಅದು ಎಂದು ಅವನಿಗೇ ನಾಚಿಕೆಯಾಯಿತು.

"ನೀನು ಕಲ್ತಾಗಿದೆಯಲ್ಲೋ," ಎಂದರು ಅಪ್ಪಯ್ಯ ಮೆತ್ತಗೆ. "ಭಾನುವಾರ ಊಟಕ್ಕೆ ಬಾ. ಮೊದ್ಲಿನ ಹಾಗೇ ಬರ್ತಾ ಇರು."

ಆ ಭಾನುವಾರ ಶಶಿ ಹೋದ. ಮುದ್ದೆ, ಸೊಪ್ಪಿನ ಸಾರು. ಊಟದ ತನಕ ಹೇಗೋ ನಡೆಯಿತು. ಕೈ ತೊಳೆದು ಜಗುಲಿಯಲ್ಲಿ ಕೂತ ಮೇಲೆ ಇಬ್ಬರೂ ಮಾತು ಹುಡುಕಬೇಕಾಯಿತು. ಇಷ್ಟು ವರ್ಷ ತಾವು ಆಡಿದ ಮಾತೆಲ್ಲ ಪಿಸ್ಟನ್ನು, ಟೈರು, ತಿರುವು ಎಂದು ಶಶಿಗೆ ಆಗ ಹೊಳೆಯಿತು. ಅಪ್ಪಯ್ಯನ ಮಗಳು ಏನು ಓದುತ್ತಿದ್ದಾಳೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಕೇಳಿದ. ಬಿ.ಕಾಂ. ಎಂದರು. ಬಿಸಿಲು ಜಾಸ್ತಿ ಅಲ್ವಾ ಎಂದು ಅಪ್ಪಯ್ಯ ಕೇಳಿದರು. ಹೌದು, ಈ ವರ್ಷ ಬೇಗ ಶುರುವಾಯ್ತು ಎಂದ ಶಶಿ. ಅಪ್ಪಯ್ಯನ ಉಗುರಿನ ಸಂದಿಯಲ್ಲಿ ಹೊಸ ಎಂಜಿನ್ನಿನ ಎಣ್ಣೆಗಪ್ಪು ಇತ್ತು. ಶಶಿ ನೋಡಿದ್ದನ್ನು ಕಂಡು ಅವರು ಕೈ ಮಡಿಲಿಗೆ ತೆಗೆದುಕೊಂಡರು.

ಮರುವಾರವೂ ಹೋದ. ಅದರ ಮರುವಾರ ಕೋಣೆಯಲ್ಲೇ ಬಟ್ಟೆ ಒಗೆದುಕೊಂಡು ಕೂತ. ಕಾವೇರಮ್ಮ ಮಗಳ ಕೈಲಿ ಡಬ್ಬಿಯಲ್ಲಿ ಸಾರು ಕಳಿಸಿದ್ದರು. ಅಪ್ಪಯ್ಯ ಏನೂ ಹೇಳಿ ಕಳಿಸಿರಲಿಲ್ಲ. ಶಶಿ ಡಬ್ಬಿ ತೊಳೆದು ವಾಪಸು ಕೊಟ್ಟು, ಚೆನ್ನಾಗಿ ಓದಮ್ಮ ಎಂದ.

ಎರಡನೆಯ ರೇಸಿಗೆ ಹೊರಡುವ ದಿನ ಅವನು ಕಲಾಸಿಪಾಳ್ಯದಲ್ಲಿ ಚೆನ್ನೈ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ. ಬೈಕು, ಸಾಮಾನು ಎಲ್ಲ ಪುಣೆಯಿಂದ ನೇರ ಬರುತ್ತಿದ್ದವು. ಅವನ ಜೊತೆ ಇದ್ದದ್ದು ಹೆಲ್ಮೆಟ್ ಒಂದೇ. ಅದನ್ನು ಪಕ್ಕದ ಸೀಟಿನ ಮೇಲಿಟ್ಟಿದ್ದ. ಪ್ರಯಾಣಿಕರೊಬ್ಬರು ಹತ್ತಿ ಬಂದು ನಿಂತರು.

"ಯಾರಾದ್ರೂ ಬರ್ತಾರಾ ಇಲ್ಲಿ?"

"ಇಲ್ಲ ಸಾರ್, ಕೂತ್ಕೊಳ್ಳಿ," ಎಂದು ಶಶಿ ಹೆಲ್ಮೆಟ್ಟನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ.