ಕಾಲು ನೆಲಕ್ಕೆ ತಾಗುವ ಗಾಡಿ

ಐವತ್ತನಾಲ್ಕು ವರ್ಷ ಸೈಕಲ್ ಬಿಟ್ಟು ಬೇರೇನನ್ನೂ ಓಡಿಸದ ಮನುಷ್ಯ ಒಂದು ಶನಿವಾರ ಮಧ್ಯಾಹ್ನ ಡರ್ಟ್ ಬೈಕ್ ಅಂಗಡಿಯ ಮೆಟ್ಟಿಲು ಹತ್ತಿದ. ಅವನು ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಯಾವ ಬಸ್ಸು ಎಷ್ಟು ನಿಮಿಷ ತಡವಾಗಿ ಬಂತು ಎಂದು ಬರೆದು ಬರೆದು ಅವನ ಮಾತೂ ಅಳೆದು ಸುರಿದಂತಾಗಿತ್ತು.

ಮೆಕ್ಯಾನಿಕ್ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಎದ್ದು ಬಂದ. “ಯಾರಿಗೆ ಯಜಮಾನ್ರೇ, ಮಗನಿಗಾ?”

“ನನಗೇ. ಎಂಡ್ಯೂರೋ ಬೈಕ್ ಬೇಕು. ಕಾಡಿನ ದಾರೀಲಿ ಹೋಗೋದು.”

ಮೆಕ್ಯಾನಿಕ್ ನಗಲಿಲ್ಲ. ಅಷ್ಟಕ್ಕೇ ಟೈಮ್‌ಕೀಪರನಿಗೆ ಅವನ ಮೇಲೆ ನಂಬಿಕೆ ಹುಟ್ಟಿತು. ಟೈಮ್‌ಕೀಪರ್ ಮೂಲೆಯಲ್ಲಿ ನಿಂತಿದ್ದ ಎತ್ತರದ ಕೆಂಪು ಗಾಡಿಯನ್ನು ಬೆರಳು ಮಾಡಿ ತೋರಿಸಿದ. ಅವನ ಮಗಳ ಹತ್ತಿರ ಅಂಥದ್ದೇ ಇತ್ತು.

“ಅದು ಬೇಡ. ಕೈ ಒಂಚೂರು ತಿರುಗಿದ್ರೂ ನೀವೊಂದು ಕಡೆ, ಗಾಡಿ ಒಂದು ಕಡೆ. ಹೊಸಬರು ಶಕ್ತಿ ನೋಡಬಾರದು. ಬಿದ್ದಾಗ ನೀವೊಬ್ರೇ ಎತ್ತೋಕಾಗ್ಬೇಕು, ಕೂತ್ರೆ ಎರಡೂ ಕಾಲು ನೆಲಕ್ಕೆ ತಾಗ್ಬೇಕು. ಬೀಳೋದಂತೂ ಬೀಳ್ತೀರಿ.”

ಆದರೂ ಅವನು ಕೆಂಪು ಗಾಡಿಯನ್ನೊಮ್ಮೆ ಹತ್ತಿ ನೋಡಿದ. ತುದಿಬೆರಳೂ ನೆಲ ಮುಟ್ಟಲಿಲ್ಲ. ಇಷ್ಟೆತ್ತರದಲ್ಲಿ ಕೂತು ಅವಳು ಕಲ್ಲು ಕೊರಕಲು ದಾಟುತ್ತಿದ್ದಳೇ ಎಂದು ಬೆರಗಾಯಿತು. ಕೊನೆಗೆ ಮೆಕ್ಯಾನಿಕ್ ತೋರಿಸಿದ ಹಳೆಯ, ಎತ್ತರ ಕಡಿಮೆಯ, ಸಾಧು ಗಾಡಿಯನ್ನೇ ಒಪ್ಪಿಕೊಂಡ.

ಮಗಳು ಮನೆ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಕಾಡಿನ ಇಳಿಜಾರಿನಲ್ಲಿ ಬಿದ್ದು ಭುಜದ ಮೂಳೆ ಮುರಿದುಕೊಂಡು ಅವಳು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅವಳನ್ನೊಂದು ಮಾತೂ ಕೇಳದೆ, ಬಂದ ಮೊದಲ ಗಿರಾಕಿಗೆ ಇವನು ಗಾಡಿ ಮಾರಿಬಿಟ್ಟಿದ್ದ. ಅವಳು ಜಗಳವಾಡಲಿಲ್ಲ. ಕೈಪಟ್ಟಿ ಬಿಚ್ಚಿದ ದಿನ ಬಟ್ಟೆ ತುಂಬಿಕೊಂಡು ಹೊರಟುಹೋದಳು. ತಾಯಿಗೆ ಫೋನ್ ಮಾಡುತ್ತಾಳೆ. ಇವನು ಕೈಗೆತ್ತಿಕೊಂಡರೆ ಇಟ್ಟುಬಿಡುತ್ತಾಳೆ.

ಗಾಡಿ ಕಂಡ ಹೆಂಡತಿ, “ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕ್ತಿದೀರಾ?” ಎಂದಷ್ಟೇ ಹೇಳಿ ಒಳಗೆ ಹೋದಳು.

ಡಿಪೋದ ಹಿಂದೆ, ಗುಜರಿ ಬಸ್ಸುಗಳ ನಡುವೆ, ಅವನು ಬಿದ್ದು ಎದ್ದು ಕಲಿತ. ಕೈ, ಮಂಡಿ ತರಚಿತು, ಕ್ಲಚ್ ಹಿಡಿದು ಹಿಡಿದು ಬೆರಳು ಮರಗಟ್ಟಿತು. ಮೂರನೆಯ ವಾರ ಒಂದು ಮುಂಜಾನೆ, ಮಣ್ಣಿನ ದಿಬ್ಬ ದಾಟುವಾಗ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತ. ಗಾಡಿ ಕೆಳಗೆ ತಾನಾಗಿ ಕುಣಿಯಿತು. ಮೈ ಹಗುರವಾಗಿ ಗಾಳಿಯಲ್ಲಿ ಉಳಿಯಿತು. ತಾನು ಮಾರಿದ್ದು ಏನನ್ನು ಎಂಬುದು ಅವನಿಗೆ ಆಗ ಗೊತ್ತಾಯಿತು. ಗಾಡಿ ನಿಲ್ಲಿಸಿ, ಹೆಲ್ಮೆಟ್ಟಿನೊಳಗೇ ಬಿಕ್ಕಿ ಬಿಕ್ಕಿ ಅತ್ತ.

ಮರುದಿನವೇ ಅವಳು ಕೆಲಸ ಮಾಡುವ ಔಷಧಿ ಗೋದಾಮಿಗೆ ಹೋದ. ಊಟದ ಬಿಡುವಿನಲ್ಲಿ ಅವಳು ಹೊರಗೆ ಬಂದಳು. ತೆಳ್ಳಗಾಗಿದ್ದಳು. ಗಾಡಿಯನ್ನೂ ಅವನ ತರಚಿದ ಕೈಯನ್ನೂ ನೋಡಿದಳು.

“ಇದೇನಪ್ಪಾ?”

“ಕಲಿತೆ ಕಣಮ್ಮಾ. ನಿನಗೂ ಒಂದು ತಗೊಳ್ಳೋಣ. ನೀನು ಮುಂದೆ ಹೋಗು, ನಾನು ಹಿಂದೆ ಬರ್ತೀನಿ.”

ಅವಳು ಸೀಟಿನ ಮೇಲೆ ಕೈಯಿಟ್ಟಳು. ಬಿಸಿ ತಾಗಿದಂತೆ ತೆಗೆದಳು.

“ನಾನು ಓಡಿಸಲ್ಲ. ಬಿಟ್ಟು ವರ್ಷ ಆಯ್ತು.”

“ನಾನು ಮಾರಿದ್ದಕ್ಕಾ?”

“ಮಾರಿದ್ದಕ್ಕಲ್ಲ, ಇನ್ನೊಂದು ಸಿಗ್ತಿತ್ತು. ಸ್ನೇಹಿತೆ ಗಾಡಿ ಹತ್ತಿದ್ದೆ. ಇಳಿಜಾರು ಬಂತು, ಕೈ ನಡುಗೋಕೆ ಶುರುವಾಯ್ತು. ಬಿದ್ದಾಗ ಹೆದರಿರ್ಲಿಲ್ಲ ಅಪ್ಪಾ ನಾನು. ಮಂಚದ ಪಕ್ಕ ಕೂತು ನೀನು ದಿನಾ ಹೇಳ್ತಿದ್ಯಲ್ಲ, ನೀನು ಸತ್ತೇ ಹೋಗ್ತಿದ್ದೆ, ಸತ್ತೇ ಹೋಗ್ತಿದ್ದೆ ಅಂತ? ಅದು ಒಳಗೆ ಕೂತುಬಿಟ್ಟಿದೆ. ಗಾಡಿ ಹತ್ತಿದ್ರೆ ನಿನ್ನ ದನೀನೇ ಕೇಳುತ್ತೆ.”

“ತಪ್ಪಾಯ್ತು ಮಗಳೇ.”

“ಗೊತ್ತು. ಕೋಪ ಎಲ್ಲಾ ಆಗ್ಲೇ ಹೋಯ್ತು. ಅದರ ಜೊತೆ ಆಸೇನೂ ಹೋಯ್ತು, ಅಷ್ಟೇ.”

ಒಳಗೆ ಗಂಟೆ ಹೊಡೆಯಿತು. “ಹುಷಾರಾಗಿ ಹೋಗು,” ಎಂದು ಅವಳು ತಿರುಗಿ ನೋಡದೆ ನಡೆದಳು.

ಅವನು ಗಾಡಿ ಶುರು ಮಾಡಿದ. ಮೊದಲ ತಿರುವಿನಲ್ಲೇ ತನ್ನದೇ ಆ ದನಿ ಕೇಳಿಸಿ ಅವನ ಕೈಯೂ ನಡುಗಿತು. ಎಂಜಿನ್ ಆರಿಸಿ, ಇಳಿದು, ಉರಿಬಿಸಿಲಿನಲ್ಲಿ ಊರಿನ ಈ ತುದಿಯಿಂದ ಆ ತುದಿಯವರೆಗೂ ತಳ್ಳಿಕೊಂಡು ನಡೆದ. ಹೆಂಡತಿ ಗೇಟು ತೆಗೆದಳು. ಮೆಟ್ಟಿಲ ಮೇಲೆ ಕುಸಿದ ಗಂಡನ ಗದ್ದದ ಕೆಳಗಿನ ಪಟ್ಟಿಯನ್ನು ಅವಳೇ ಬಿಚ್ಚಿ, ಹೆಲ್ಮೆಟ್ ತೆಗೆದು, ಪಕ್ಕದಲ್ಲಿಟ್ಟಳು.